ನನ್ನ ಹೆಸರಿನ ಎಡಗಾಲು

ನನ್ನ ದೇಹದಲ್ಲಿ ನನಗಿಂತ ಹೆಚ್ಚು ಹೆಸರು ಮಾಡಿರುವುದು ನನ್ನ ಬಲಗಾಲು. ಮುಖ ನೋಡಿ ಗುರುತು ಹಿಡಿಯದವರು ಅರಸೀಕೆರೆಯ ಪೇಟೆ ಬೀದಿಯಲ್ಲೇ ಬೇಕಾದಷ್ಟು ಮಂದಿ ಇದ್ದಾರೆ. ಕಾಲು ಹೇಗಿದೆ ಎಂದು ಕೇಳದೆ ಮುಂದೆ ಹೋಗುವವರು ಮಾತ್ರ ಅಪರೂಪ. ಕಾಲಿನ ಬಗ್ಗೆ ಬರೆಯುವುದು ಸಭ್ಯರ ಲಕ್ಷಣವಲ್ಲ ಎಂದು ನನಗೂ ಗೊತ್ತು. ಹಲ್ಲುನೋವಿನ ಬಗ್ಗೆ ಬರೆಯಬಹುದು, ಬೋಳುತಲೆಯ ಬಗ್ಗೆ ಬರೆಯಬಹುದು, ಓದುವವರು ತಮ್ಮ ತಲೆಯನ್ನೂ ಒಮ್ಮೆ ಸವರಿಕೊಂಡು ನಗುತ್ತಾರೆ. ಕಾಲಿನ ಹುಣ್ಣು ಎಂದ ಕೂಡಲೇ ಜನ ತಟ್ಟೆ ದೂರ ಸರಿಸುತ್ತಾರೆ. ಆದ್ದರಿಂದ ಊಟ ಮುಗಿಸಿಕೊಂಡೇ ಮುಂದಕ್ಕೆ ಓದಿ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಈ ಕಥೆ ಶುರುವಾಗುವುದು ಬಲಗಾಲಿನಿಂದ, ಮುಗಿಯುವುದು ಎಡಗಾಲಿನಲ್ಲಿ, ಮತ್ತು ಆ ಎಡಗಾಲು ನನ್ನದಲ್ಲ.

ನಮ್ಮದು ಬಟ್ಟೆ ಅಂಗಡಿ. ಅಪ್ಪನ ಕಾಲದಲ್ಲಿ ವ್ಯಾಪಾರವೆಲ್ಲ ಗಾದಿಯ ಮೇಲೆ ನಡೆಯುತ್ತಿತ್ತು. ಅವರು ದಿಂಬಿಗೆ ಒರಗಿ ಕೂತು, ಗಿರಾಕಿಯನ್ನೂ ಎದುರಿಗೆ ಕೂರಿಸಿಕೊಂಡು, ಸೀರೆಗಳನ್ನು ಒಂದರ ಮೇಲೊಂದು ಬಿಚ್ಚಿ ಹರಡುತ್ತಿದ್ದರು. ನಾನು ಅಂಗಡಿ ವಹಿಸಿಕೊಂಡ ಮೇಲೆ, ಇದೆಲ್ಲ ಹಳೇ ಕಾಲದ್ದಾಯಿತು ಎಂದು ಗಾದಿ ತೆಗೆಸಿ ಗಾಜಿನ ಕೌಂಟರ್ ಹಾಕಿಸಿದೆ. ಹಾಕಿಸಿದ ಮೇಲೆ ಅದರ ಹಿಂದೆ ಯಾರಾದರೂ ನಿಲ್ಲಬೇಕಲ್ಲ, ಬೆಳಗಿನಿಂದ ಸಂಜೆಯವರೆಗೆ ನಾನೇ ನಿಂತೆ. ಅಪ್ಪ ಸಾಯುವ ದಿನದವರೆಗೂ ನೆಟ್ಟಗೆ ನಡೆದಾಡಿಕೊಂಡಿದ್ದರು. ನನಗೆ ಐವತ್ತು ದಾಟುವಷ್ಟರಲ್ಲಿ ಬಲ ಮೀನಖಂಡದ ಮೇಲೆ ನೀಲಿ ಗೆರೆ ಮೂಡಿತು. ಗೆರೆ ಹುರಿಯಾಯಿತು, ಹುರಿ ಗಂಟಾಯಿತು. "ಕಾಲೊಳಗೆ ಎರೆಹುಳ ಸಾಕ್ಕೊಂಡಿದೀರಾ?" ಎಂದು ನನ್ನ ಹೆಂಡತಿ ಗಿರಿಜ ಕೇಳಿದಾಗ ನಕ್ಕುಬಿಟ್ಟೆ. ಒಂದು ದಿನ ಕೌಂಟರಿನ ತಗಡಿನ ಅಂಚು ಕಾಲಿನ ಗಿಣ್ಣಿನ ಮೇಲೆ ತರಚಿತು. ಹಬ್ಬ ಬಂದು ಹೋಯಿತು, ಮದುವೆಯ ಸೀಸನ್ ಬಂದು ಹೋಯಿತು, ತರಚಿದ ಗಾಯ ಮಾತ್ರ ಹೋಗುವ ಬದಲು ಅಗಲವಾಯಿತು.

ಹಾಸನದ ಡಾಕ್ಟರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಕಾಲಿನಿಂದ ಮೇಲಕ್ಕೆ ಹತ್ತಬೇಕಾದ ರಕ್ತಕ್ಕೆ ದಾರಿಯುದ್ದಕ್ಕೂ ಸಣ್ಣ ಸಣ್ಣ ಬಾಗಿಲುಗಳಿರುತ್ತವಂತೆ, ನನ್ನವು ಕೆಟ್ಟಿವೆಯಂತೆ, ಹತ್ತಿದ ರಕ್ತ ಮತ್ತೆ ಕೆಳಗಿಳಿದು ಅಲ್ಲೇ ನಿಲ್ಲುತ್ತದಂತೆ. ಇದಕ್ಕೆ ವೆರಿಕೋಸ್ ವೇನ್ಸ್ ಎನ್ನುತ್ತಾರೆ. ಬಿಗಿಯಾದ ಕಾಲುಚೀಲ ಹಾಕಿ, ನಡೆದಾಡಿ, ಆಗಾಗ ಮಲಗಿ ಕಾಲನ್ನು ಎದೆಗಿಂತ ಮೇಲೆತ್ತಿಡಿ, ಗಾಯ ಚಿಕ್ಕದಾದ ಮೇಲೆ ಲೇಸರ್ ಮಾಡೋಣ ಎಂದರು. ಆಮೇಲೆ ದನಿ ತಗ್ಗಿಸಿ, "ಉಬ್ಬಿದ ನರ ಒಡೆದು ರಕ್ತ ಬಂದರೆ ಕೂರಬೇಡಿ, ನಿಲ್ಲಬೇಡಿ. ತಕ್ಷಣ ಅಂಗಾತ ಮಲಗಿ ಕಾಲು ಮೇಲೆತ್ತಿ, ಬಟ್ಟೆಯಿಂದ ಒತ್ತಿ ಹಿಡೀರಿ. ಅಷ್ಟು ಮಾಡಿದರೆ ನಿಲ್ಲುತ್ತೆ, ಮಾಡದಿದ್ದರೆ ನಿಲ್ಲಲ್ಲ," ಎಂದರು. ಕೊನೆಗೆ ನನ್ನ ಫೋನು ತೆಗೆದುಕೊಂಡು ಅದರೊಳಕ್ಕೆ ಒಂದು ಆ್ಯಪ್ ಇಳಿಸಿದರು. ದಿನಾ ಬೆಳಿಗ್ಗೆ ಗಾಯದ ಫೋಟೊ ತೆಗೆದು ಅದರಲ್ಲಿ ಹಾಕಿದರೆ ಅದೇ ಅಳೆದು, ಹಸಿರೋ ಹಳದಿಯೋ ಕೆಂಪೋ ಬಣ್ಣ ತೋರಿಸಿ, ಡಾಕ್ಟರಿಗೆ ವರದಿ ಕಳಿಸುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡವೆನ್ನುತ್ತಾರೆ, ಕಾಲಿನ ಹುಣ್ಣಿಗೆ ಫೋನು ಬೇಕು ಎಂದುಕೊಂಡು ಬಸ್ಸು ಹತ್ತಿದೆ.

ಆ ಆ್ಯಪ್ ಮಾತಾಡುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಮಾರನೆಯ ದಿನ ಅಂಗಡಿಯಲ್ಲಿ ಒಂದು ಮದುವೆ ಮನೆಯವರು ಧಾರೆ ಸೀರೆ ಆರಿಸುತ್ತಿದ್ದರು. ಹಿರಿಯರೊಬ್ಬರು ಅಂಚನ್ನು ಬೆರಳಲ್ಲಿ ಉಜ್ಜಿ ನೋಡುತ್ತಿದ್ದಾಗ ನನ್ನ ಜೇಬಿನೊಳಗಿಂದ ಒಂದು ಹೆಣ್ಣು ದನಿ, "ರಾಜಶೇಖರ್ ಅವರೇ, ದಯವಿಟ್ಟು ಈಗ ನಿಮ್ಮ ಕಾಲುಗಳನ್ನು ಮೇಲೆತ್ತಿ," ಎಂದಿತು. ಹಿರಿಯರು ಸೀರೆ ಬಿಟ್ಟು ನನ್ನ ಕಡೆ ನೋಡಿದರು. ಎತ್ತುತ್ತೇನೋ ಇಲ್ಲವೋ ಎಂದು ಮದುಮಗಳೂ ನೋಡಿದಳು. ಅವರು ಹೋದ ಮೇಲೆ, ಡಾಕ್ಟರ ಮಾತು ಕೇಳಲೇಬೇಕಲ್ಲ ಎಂದು ಒಳಗಿನ ಗೋದಾಮಿನಲ್ಲಿ ಚಾಪೆ ಹಾಸಿ ಮಲಗಿದೆ. ಕಾಲೆತ್ತಲು ಹೋದಾಗ ಗೊತ್ತಾಯಿತು, ನಮ್ಮ ಅಂಗಡಿಯಲ್ಲಿ ಕಾಲು ಚಾಚಲು ಒಂದು ದಿಕ್ಕೂ ಖಾಲಿ ಇಲ್ಲ. ಪೂರ್ವಕ್ಕೆ ಶಿವ ಪಾರ್ವತಿ, ಉತ್ತರಕ್ಕೆ ಮಠದ ಹಿರಿಯ ಗುರುಗಳು, ಪಶ್ಚಿಮಕ್ಕೆ ಹಾರ ಹಾಕಿದ ಅಪ್ಪ. ದಕ್ಷಿಣಕ್ಕೆ ಬಾಗಿಲು, ಬಾಗಿಲಿಗೆ ಕಾಲು ಮಾಡಿ ಮಲಗಿಸುವುದು ಹೆಣವನ್ನು. ಕೊನೆಗೆ ಮೂಲೆಯಲ್ಲಿ ನಿಲ್ಲಿಸಿದ್ದ, ಕೈ ಮುರಿದ ಸೀರೆ ಗೊಂಬೆಯ ಕಡೆಗೆ ಓರೆಯಾಗಿ ಕಾಲೆತ್ತಿದೆ. ಪಾಪ, ಅದು ಏನೂ ಅಂದುಕೊಳ್ಳಲಿಲ್ಲ.

ಬಲಗಾಲು ಪ್ರಸಿದ್ಧವಾದದ್ದು ಆಮೇಲಿನ ವಾರ. ಗಾಯ ಸ್ಪಷ್ಟವಾಗಿ ಕಾಣಬೇಕಾದರೆ ಕಾಲಿನ ಕೆಳಗೆ ಒಂದೇ ಬಣ್ಣದ ಬಟ್ಟೆ ಹಾಸಿ ಎಂದು ಆ್ಯಪ್ ಹೇಳಿತ್ತು. ಬಟ್ಟೆ ಅಂಗಡಿಯವನ ಮನೆಯಲ್ಲಿ ತುಂಡು ಬಟ್ಟೆಗೆ ಬರವೇ? ಕೈಗೆ ಸಿಕ್ಕಿದ್ದು ಕಾವಿ ಬಣ್ಣದ ತುಂಡು. ಅದನ್ನು ಮಣೆಯ ಮೇಲೆ ಹಾಸಿ ಅದರ ಮೇಲೆ ಪಾದ ಇಟ್ಟೆ. ಚರ್ಮ ಬಿರಿಯದಿರಲೆಂದು ಗಿರಿಜ ಕಾಲಿಗೆ ಬಿಳೀ ಮುಲಾಮನ್ನು ಮೂರು ಬೆರಳಲ್ಲಿ ಅಡ್ಡಡ್ಡ ಸವರಿದ್ದಳು. ಫೋಟೊ ತೆಗೆದೆ, ಆ್ಯಪ್‌ನದೇ ಎಂದುಕೊಂಡು ಫೋನಿನ ಕಳಿಸುವ ಗುಂಡಿ ಒತ್ತಿದೆ, ಯಾರಿಗೆ ಎಂದು ಅದು ಕೇಳಿತು. ಕನ್ನಡಕ ಬಚ್ಚಲ ಮನೆಯಲ್ಲಿತ್ತು. ನನ್ನ ಬೆರಳು ಎಲ್ಲಕ್ಕಿಂತ ಮೇಲಿದ್ದ ಹೆಸರಿನ ಮೇಲೆ ಬಿತ್ತು. ಅದು ನಮ್ಮ ಮಠದ ಭಕ್ತರ ಗ್ರೂಪು.

ಮೊದಲು ಮುಗಿದ ಕೈಗಳ ಸಣ್ಣ ಚಿತ್ರವೊಂದು ಬಂತು. ಅದರ ಹಿಂದೆ ಇನ್ನೊಂದು. ನಾನು ಕನ್ನಡಕ ಹುಡುಕಿ ತರುವಷ್ಟರಲ್ಲಿ ಕಾವಿ ಬಟ್ಟೆಯ ಮೇಲಿನ, ವಿಭೂತಿ ಧರಿಸಿದ ನನ್ನ ಪಾದಕ್ಕೆ ಅರಸೀಕೆರೆ ತಾಲ್ಲೂಕಿನ ಅರ್ಧ ಭಕ್ತಾದಿಗಳು ಶರಣು ಶರಣಾರ್ಥಿ ಸಲ್ಲಿಸಿದ್ದರು. ಬೆಳಗಿನ ಹೊತ್ತು ಯಾರೂ ಕನ್ನಡಕ ಹಾಕಿರುವುದಿಲ್ಲ ಎಂದು ಕಾಣುತ್ತದೆ. ಗ್ರೂಪು ನೋಡಿಕೊಳ್ಳುವ ಕೊಬ್ಬರಿ ಮಂಡಿಯ ಯಜಮಾನರು, "ಯಾವ ಪೂಜ್ಯರ ಪಾದವೆಂದು ತಿಳಿಸಿದರೆ ಧನ್ಯರಾಗುತ್ತೇವೆ," ಎಂದು ಬರೆದರು. "ಹೇಳಿಬಿಡಿ, ಬಟ್ಟೆ ಅಂಗಡಿ ಪೂಜ್ಯರದ್ದು ಅಂತ," ಎಂದಳು ಗಿರಿಜ. ಯಾರೋ ಫೋಟೊ ದೊಡ್ಡದು ಮಾಡಿ ನೋಡಿ, "ಗುರುಗಳಿಗೆ ಗಾಯವಾಗಿದೆಯಲ್ಲ," ಎಂದು ಕಳವಳಪಟ್ಟರು. ಅಲ್ಲಿಗೆ ನಾನು ತಪ್ಪೊಪ್ಪಿಕೊಂಡೆ. ಮುಗಿದಿದ್ದ ಕೈಗಳು ಒಂದೂ ಹಿಂದಕ್ಕೆ ಹೋಗಲಿಲ್ಲ, ಅದರ ಕೆಳಗೆ ಮನೆಮದ್ದುಗಳು ಸಾಲುಗಟ್ಟಿದವು.

ಮದ್ದುಗಳಲ್ಲಿ ಜಿಗಣೆಯದು ಬಹಳ ಜೋರಾಗಿತ್ತು. ಕೆಟ್ಟ ರಕ್ತವನ್ನು ಜಿಗಣೆ ಹೀರಿದರೆ ಗಾಯ ತಾನಾಗಿ ಒಣಗುತ್ತದೆ ಎಂದು ನಾಲ್ಕೈದು ಜನ ಹೇಳಿದ ಮೇಲೆ ನನಗೂ ಆಸೆ ಹುಟ್ಟಿತು. ಗಿರಿಜಳ ತವರು ಹಳೇಬೀಡು. ಅಲ್ಲಿಗೆ ಹೋದಾಗ, ಬಸದಿಯ ಬೀದಿಯಲ್ಲಿ ಬಟ್ಟೆ ವ್ಯಾಪಾರ ಮಾಡುವ ನನ್ನ ಹಳೆಯ ಸ್ನೇಹಿತ, ಜೈನರ ಪದ್ಮಯ್ಯನವರ ಹತ್ತಿರ ಈ ಮಾತೆತ್ತಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, "ಕುಡಿದು ಮುಗಿಸಿದ ಮೇಲೆ ಜಿಗಣೇನ ಏನು ಮಾಡ್ತಾರೆ, ವಿಚಾರಿಸಿದ್ರಾ?" ಎಂದರು. ಇಲ್ಲವೆಂದೆ. "ಉಪ್ಪು ಹಾಕಿ ಸಾಯಿಸ್ತಾರೆ. ಉಪಕಾರ ಮಾಡಿದ ಪ್ರಾಣಿ ಅದು, ಶೇಖರಪ್ಪನವರೇ," ಎಂದು ಅವರು ಎಷ್ಟು ದುಃಖದಿಂದ ಹೇಳಿದರೆಂದರೆ ನನ್ನ ಕಾಲಿನ ವಿಷಯ ಅಲ್ಲಿಗೇ ನಿಂತು, ಜಿಗಣೆಯ ವಿಷಯವೇ ಕಾಫಿ ಮುಗಿಯುವವರೆಗೂ ನಡೆಯಿತು.

ವಾಪಸು ಬಂದ ದಿನ ಹಾರನಹಳ್ಳಿಯಿಂದ ಶಂಕರಮ್ಮತ್ತೆಯ ಫೋನು ಬಂತು. ಶಂಕರಮ್ಮತ್ತೆ ನನ್ನ ಅಪ್ಪನ ತಂಗಿ, ಎಂಬತ್ತರ ಹತ್ತಿರದ ವಯಸ್ಸು, ಮಗ ಸೊಸೆಯ ಜೊತೆ ಇದ್ದರು. ಮೊಮ್ಮಗಳು ಕೊಟ್ಟ ಹಳೆಯ ಫೋನಿನಲ್ಲಿ ಪ್ರವಚನ ಕೇಳುತ್ತಾ ಮಠದ ಗ್ರೂಪಿಗೂ ಸೇರಿದ್ದರು. "ಏನೋ ಶೇಖ್ರ, ಗ್ರೂಪ್ನಾಗೆ ಬಂದದ್ದು ನಿನ್ ಕಾಲಂತೆ. ನೀನು ಹೇಳಾದ್ಕೂ ಮುಂಚೆ ನಂಗೆ ಗೊತ್ತಾಗಿತ್ತು ಕಣೋ. ನಮ್ಮಪ್ಪನ ಕಾಲು ನೋಡ್ದಂಗಾಯ್ತು," ಎಂದರು. ನಾನು ನಾಚಿಕೊಂಡು ಏನೋ ಹೇಳುತ್ತಿದ್ದೆ. ಅತ್ತೆ ಮಧ್ಯದಲ್ಲೇ, "ಒಂದ್ಸಲ ಬಂದೋಗು. ಗಿರಿಜನ್ನ ಕರ್ಕೊಂಡ್ ಬರ್ಬ್ಯಾಡ," ಎಂದು ಫೋನಿಟ್ಟರು.

ಹೋದೆ. ಅತ್ತೆ ನನ್ನನ್ನು ತಮ್ಮ ಕೋಣೆಗೆ ಕರೆದು, ಬಾಗಿಲಿಗೆ ಅಗಣಿ ಹಾಕಿ, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು, ಎಡಗಾಲಿನ ಮೇಲಿನ ಸೀರೆಯನ್ನು ಸ್ವಲ್ಪವೇ ಸ್ವಲ್ಪ ಎತ್ತಿದರು. ನನ್ನ ಗಾಯ ಅದರ ಮುಂದೆ ಮಗು. ಮೊಣಕಾಲಿನಿಂದ ಕೆಳಗೆ ಚರ್ಮ ಕಪ್ಪಾಗಿ ಬಿರಿದಿತ್ತು. ಗಿಣ್ಣಿನ ಸುತ್ತ ಹಳೇ ಪಂಚೆಯ ಪಟ್ಟಿ, ಅರಿಶಿನ, ಕೊಬ್ಬರಿ ಎಣ್ಣೆ. ಪಟ್ಟಿಯ ಮೇಲೆ ಒಂದು ನರ ದ್ರಾಕ್ಷಿಯಂತೆ ಉಬ್ಬಿ ನೀಲಿಗಟ್ಟಿತ್ತು. ಇದು ಬರೀ ಇಸುಬು, ಕೆರೆತದ ಕಜ್ಜಿ ಎಂದು ಮಗನಿಗೆ ಹೇಳಿದ್ದರಂತೆ, ಸೊಸೆಗೆ ಅದನ್ನೂ ಹೇಳಿರಲಿಲ್ಲ. ನಾಳೆಯೇ ಹಾಸನಕ್ಕೆ ಹೋಗೋಣ, ಡಾಕ್ಟರು ಹೆಣ್ಣುಮಗಳು, ಹೆದರಬೇಡಿ ಎಂದೆ. "ಹೆಣ್ಣಾದ್ರೇನು, ಫೋಟ ಹಿಡಿದು ಫೋನಿಗೆ ಹಾಕ್ತಾಳಂತಲ್ಲ. ನಿನ್ ಕಾಲು ಎಲ್ಲೆಲ್ಲಿ ಹೋಯ್ತು ಅಂತ ನಾನ್ ನೋಡಿಲ್ವಾ?" ಎಂದರು ಅತ್ತೆ. ಬಹಳ ಹೊತ್ತು ಬೇಡಿಕೊಂಡ ಮೇಲೆ ಅವರೇ ಒಂದು ದಾರಿ ಹೇಳಿದರು. ಫೋಟೊ ಅವರೇ ತೆಗೆದು ನನಗೆ ಕಳಿಸುತ್ತಾರೆ. ನಾನು ಅದನ್ನು ನನ್ನ ಎಡಗಾಲೆಂದು ಹಾಕಬೇಕು. "ನಿನ್ ಹೆಸ್ರಲ್ಲೇ ಇರ್ಲಿ. ಗಂಡಸ್ರ ಕಾಲಿಗೆ ಮಾನ ಮರ್ವಾದೆ ಇರಾಕಿಲ್ಲ. ಊರೆಲ್ಲ ನೋಡಿದ್ರೂ ಕೈ ಮುಗೀತಾರೆ, ಅಷ್ಟೇಯ."

ಹಾಗೆ ನನ್ನ ಹೆಸರಿಗೆ ಒಂದು ಎಡಗಾಲು ಬಂದು ಸೇರಿತು. ವಿಷಯ ತಿಳಿದ ಗಿರಿಜ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗಾಗುತ್ತೆ, ನೋಡ್ಕೊಳ್ಳಿ," ಎಂದಳು. ಎಮ್ಮೆ ಒಪ್ಪಿಕೊಂಡಿದೆಯಲ್ಲ ಎಂದೆ. ಆ್ಯಪ್ ಅನುಮಾನವೇ ಪಡಲಿಲ್ಲ. ಎಂಬತ್ತರ ಹೆಂಗಸಿನ ಕಾಲನ್ನು ಐವತ್ತೆಂಟರ ಗಂಡಸಿನದೆಂದು ನಂಬಿ, "ರಾಜಶೇಖರ್ ಅವರೇ, ನಿಮ್ಮ ಎಡಗಾಲಿನ ಬಗ್ಗೆ ಹೆಚ್ಚಿನ ಕಾಳಜಿ ವಹಿಸಿ," ಎನ್ನತೊಡಗಿತು. ದಿನಾ ಬೆಳಿಗ್ಗೆ ಅತ್ತೆಯ ಫೋಟೊ ಬರುತ್ತಿತ್ತು, ಅದರ ಹಿಂದೆ ಒಂದು ದನಿಯ ಮೆಸೇಜು: "ಕಳ್ಸಿದೀನಿ, ಸರ್ಯಾಗಿ ನೋಡಿ ಹಾಕು, ಮಠಕ್ಕೆ ಹಾಕ್ಬ್ಯಾಡ." ನಾನು ಅವರ ಮನೆಗೆ ಪಟ್ಟಿ, ಮುಲಾಮು ಎಲ್ಲ ಮುಟ್ಟಿಸುತ್ತಿದ್ದೆ. ಮಲಗಿ ಕಾಲೆತ್ತಿಡಿ, ಒಂದು ವೇಳೆ ನರ ಒಡೆದರೂ ಹಾಗೇ ಮಾಡಿ ಎಂದು ಡಾಕ್ಟರು ನನಗೆ ಹೇಳಿದ್ದನ್ನು ಅವರಿಗೆ ಹೇಳಿದೆ. "ಯಾವ್ ಕಡೀಕೆ ಎತ್ಲೋ?" ಎಂದರು. ಅವರ ಕೋಣೆಯಲ್ಲಿ ಒಂದು ಗೋಡೆಗೆ ಗುರುಗಳು, ಒಂದು ಗೋಡೆಗೆ ಮಾವ, ಒಂದರ ಆಚೆ ದೇವರ ಮನೆ. ನನ್ನ ಅಂಗಡಿಯ ಗೊಂಬೆಯ ವಿಷಯ ಹೇಳಿದೆ. ಅತ್ತೆ ನಕ್ಕಿದ್ದನ್ನು ನಾನು ಕೊನೆಯ ಸಲ ಕೇಳಿದ್ದು ಆಗ. ಕಾಲು ಮಾತ್ರ ಎತ್ತಿದ ಹಾಗೆ ಕಾಣಲಿಲ್ಲ.

ನನ್ನ ಬಲಗಾಲು ಹಳದಿಯಿಂದ ಹಸಿರಿಗೆ ತಿರುಗಿತು. ಎಡಗಾಲು ಕೆಂಪು ಬಿಟ್ಟು ಕದಲಲಿಲ್ಲ. ಕೊನೆಗೆ ಭಾನುವಾರವೆಂದೂ ನೋಡದೆ ಡಾಕ್ಟರೇ ಫೋನು ಮಾಡಿ, "ರಾಜಶೇಖರ್, ಎಡಗಾಲು ಬಹಳ ಕೆಟ್ಟಿದೆ, ಇವತ್ತೇ ಬನ್ನಿ," ಎಂದರು. ಬೇರೆ ದಾರಿ ಕಾಣದೆ ಹೋದೆ. ಅವರು ಕೈಗವಸು ಹಾಕಿಕೊಂಡು ಎಡಗಾಲು ತೋರಿಸಿ ಎಂದರು. ಪ್ಯಾಂಟು ಮೇಲೆತ್ತಿದೆ. ಬಾಳೆದಿಂಡಿನ ಹಾಗಿದ್ದ ನನ್ನ ಕಾಲನ್ನು ಅವರು ಒಂದು ಸಲ ನೋಡಿದರು, ಕಂಪ್ಯೂಟರನ್ನು ಒಂದು ಸಲ ನೋಡಿದರು. "ಇದು ಯಾರ ಕಾಲು?" ಎಂದರು. ನಮ್ಮತ್ತೆಯದು ಎಂದೆ. "ಅತ್ತೆ ಎಲ್ಲಿ?" ಹಾರನಹಳ್ಳಿಯಲ್ಲಿ ಎಂದೆ. ಅವರು ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿದರು. ಸಿಟ್ಟು ಬಂದಿತ್ತು, ಬೈಯಲಿಲ್ಲ. ಅತ್ತೆ ಬೇರೆ ಯಾವ ಮಾತ್ರೆ ನುಂಗುತ್ತಾರೆ ಎಂದಷ್ಟೇ ಕೇಳಿದರು. ಎದೆಗೆ ಸಂಬಂಧಪಟ್ಟ ಯಾವುದೋ ಮಾತ್ರೆ ಇದೆ ಎಂದೆ, ಅಲ್ಲಿಂದಲೇ ಅತ್ತೆಗೆ ಫೋನು ಮಾಡಿ ಅದರ ಹೆಸರು ಕೇಳಿ ಹೇಳಿದೆ. "ಅದು ರಕ್ತ ತೆಳುವಾಗಿಸೋ ಮಾತ್ರೆ. ಇಷ್ಟು ದಿನ ಈ ಆ್ಯಪ್ ಸಲಹೆ ಕೊಟ್ಟಿದ್ದು ನಿಮ್ಮ ವಯಸ್ಸಿಗೆ, ನಿಮ್ಮ ಆರೋಗ್ಯಕ್ಕೆ. ಅವರನ್ನ ನಾಳೆಯೇ ಕರಕೊಂಡು ಬನ್ನಿ," ಎಂದರು.

ಹಾಸನದಿಂದ ನೇರವಾಗಿ ಹಾರನಹಳ್ಳಿಗೆ ಹೋದೆ. ಡಾಕ್ಟರಿಗೆ ಎಲ್ಲ ಗೊತ್ತಾಗಿದೆ, ಇನ್ನು ಮುಚ್ಚಿಡುವಂಥದ್ದು ಏನೂ ಉಳಿದಿಲ್ಲ ಎಂದೆ. ಅತ್ತೆ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ಸೀರೆಯ ಮೇಲಿಂದಲೇ ಮೊಣಕಾಲು ಸವರಿಕೊಂಡು, "ನೋವು ತಡ್ಕಳಾಕಾಗಲ್ಲ ಕಣೋ ಶೇಖ್ರ. ಬತ್ತೀನಿ," ಎಂದರು. ಅವರ ಬಾಯಲ್ಲಿ ನೋವು ಎಂಬ ಮಾತು ಬಂದದ್ದು ಅದೇ ಮೊದಲು. ಅಂದು ಭಾನುವಾರ. "ಸೋಮ್ವಾರ ಪೂಜೆ ಐತೆ. ಮಂಗಳ್ವಾರ ಮನೆಯಿಂದ ಹೊರಡ್ಬಾರ್ದು. ಬುಧ್ವಾರ ಕಾರ್ ತಗಂಬಾ," ಎಂದರು. ಮಂಗಳವಾರ ಹೊರಡಬಾರದೆಂಬ ನಿಯಮ ನನ್ನ ಮನೆಯಲ್ಲೂ ಇದೆ. ನಾನು ತಲೆಯಾಡಿಸಿ ಬುಧವಾರಕ್ಕೆ ಕಾರು ಹೇಳಿದೆ.

ಮಂಗಳವಾರ ಬೆಳಿಗ್ಗೆ ಅತ್ತೆಯ ಫೋಟೊ ಬರಲಿಲ್ಲ. ಮರುದಿನ ಹೇಗೂ ಡಾಕ್ಟರು ಕಣ್ಣಾರೆ ನೋಡುತ್ತಾರಲ್ಲ, ಅದಕ್ಕೇ ಕಳಿಸಿಲ್ಲ ಎಂದುಕೊಂಡೆ. ಅತ್ತೆ ಬಚ್ಚಲಲ್ಲಿ ಬಿಸಿನೀರು ಹುಯ್ದುಕೊಳ್ಳುವಾಗ ಕಾಲಿನ ಆ ದ್ರಾಕ್ಷಿ ಒಡೆದಿತ್ತು. ಮಗ ಡೈರಿಗೆ ಹಾಲು ಹಾಕಲು ಹೋಗಿದ್ದ, ಸೊಸೆ ಹಿತ್ತಲಲ್ಲಿದ್ದಳು. ಅತ್ತೆ ಯಾರನ್ನೂ ಕೂಗಿರಲಿಲ್ಲ. ಕೂಗಿದ್ದರೆ ಯಾರಾದರೂ ಬಂದು ನೋಡುತ್ತಿದ್ದರಲ್ಲ. ಸೊಸೆ ಬಾಗಿಲು ತೆಗೆಸಿದಾಗ ಅವರು ಗೋಡೆಗೆ ಒರಗಿ ನೆಟ್ಟಗೆ ಕೂತಿದ್ದರಂತೆ, ಒದ್ದೆ ಸೀರೆಯನ್ನು ಸುತ್ತಿಕೊಂಡು, ಅದರ ಅಂಚನ್ನು ಪಾದ ಮುಚ್ಚುವವರೆಗೂ ಎಳೆದುಕೊಂಡು. ಆ ಗೋಡೆಯ ಆಚೆಗೆ ಯಾವ ದೇವರೂ ಇರಲಿಲ್ಲ, ಯಾವ ಗುರುವೂ ಇರಲಿಲ್ಲ. ಒಟ್ಟಿದ ಸೌದೆ ಇತ್ತು. ನನಗೆ ಇದನ್ನು ಬರೆಯುವಾಗಲೂ ತಡೆಯಲಾಗುವುದಿಲ್ಲ.

ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುತ್ತಾರೆ. ಬಟ್ಟೆ ನನ್ನ ಅಂಗಡಿಯಿಂದಲೇ ಹೋಯಿತು, ನಾನೇ ಹರಿದು ಕೊಟ್ಟೆ. ಅತ್ತೆಯನ್ನು ಪದ್ಮಾಸನದಲ್ಲಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಎಲ್ಲರೂ ಮೌನವಾಗಿ ನಿಂತಿದ್ದಾಗ ನನ್ನ ಜೇಬು ಮಾತಾಡಿತು. "ರಾಜಶೇಖರ್ ಅವರೇ, ನಿಮ್ಮ ಎಡಗಾಲಿನ ಫೋಟೊ ಇನ್ನೂ ಬಂದಿಲ್ಲ." ಯಾರೋ ತಿರುಗಿ ನೋಡಿದರು. ನಾನು ಜೇಬನ್ನು ಅಂಗೈಯಿಂದ ಒತ್ತಿ ಹಿಡಿದೆ. ಅಂಗೈಯ ಕೆಳಗಿಂದಲೇ ಅದು, "ನಿಮ್ಮ ಆರೋಗ್ಯವನ್ನು ಕಡೆಗಣಿಸಬೇಡಿ," ಎಂದಿತು.

ಅಂದಿನಿಂದ ಅದು ದಿನಾ ಕೇಳತೊಡಗಿತು. ಒಂದು ದಿನ ತಪ್ಪಿದರೆ ವಿನಯವಾಗಿ, ಎರಡು ದಿನ ತಪ್ಪಿದರೆ ಕಳವಳದಿಂದ. ಎಡಗಾಲನ್ನು ತೆಗೆದುಹಾಕುವುದು ಹೇಗೆಂದು ಹುಡುಕಿದೆ. ಅದರಲ್ಲಿ ಮೂರೇ ದಾರಿಗಳಿದ್ದವು: ಚಿಕಿತ್ಸೆ ಮುಂದುವರಿದಿದೆ, ಗಾಯ ವಾಸಿಯಾಗಿದೆ, ಕಾಲನ್ನು ಕತ್ತರಿಸಲಾಗಿದೆ. ನಮ್ಮತ್ತೆಗೆ ಆದದ್ದು ಅದರಲ್ಲಿ ಇರಲಿಲ್ಲ. ಆ್ಯಪ್‌ನ ಸಹಾಯದ ನಂಬರಿಗೆ ಫೋನು ಮಾಡಿದೆ. ಒಬ್ಬಳು ಹುಡುಗಿ ತಾಳ್ಮೆಯಿಂದ ಕೇಳಿ, "ಸರ್, ಒಂದು ಕಾಲನ್ನ ಮಾತ್ರ ಡಿಲೀಟ್ ಮಾಡೋಕಾಗಲ್ಲ. ಪೂರ್ತಿ ಪೇಷೆಂಟನ್ನೇ ಡಿಲೀಟ್ ಮಾಡ್ಬೇಕು. ಮಾಡ್ಲಾ?" ಎಂದಳು. ಬೇಡಮ್ಮ, ಸದ್ಯಕ್ಕೆ ಇರಲಿ ಎಂದೆ.

ಮೊನ್ನೆ ಬೆಳಿಗ್ಗೆ ಸಾಕಾಗಿಹೋಯಿತು. ಅದೇ ಕಾವಿ ತುಂಡನ್ನು ಮಣೆಯ ಮೇಲೆ ಹಾಸಿ, ಪಂಚೆ ಮೇಲೆತ್ತಿ, ನನ್ನ ಸ್ವಂತ ಎಡಗಾಲನ್ನೇ ಅದರ ಮೇಲಿಟ್ಟು ಫೋಟೊ ತೆಗೆದು ಹಾಕಿದೆ. ಆ್ಯಪ್ ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಪರದೆಯ ತುಂಬ ಬಣ್ಣದ ಕಾಗದದ ಚೂರುಗಳು ಉದುರಿದವು, ಸಣ್ಣದೊಂದು ವಾದ್ಯ ನುಡಿಯಿತು. "ಅಭಿನಂದನೆಗಳು ರಾಜಶೇಖರ್ ಅವರೇ. ನಿಮ್ಮ ಎಡಗಾಲು ಸಂಪೂರ್ಣ ಗುಣವಾಗಿದೆ. ನಿಮ್ಮ ಶಿಸ್ತು ಇತರರಿಗೆ ಮಾದರಿ. ಈ ಸಂತೋಷವನ್ನು ಆಪ್ತರೊಂದಿಗೆ ಹಂಚಿಕೊಳ್ಳುವಿರಾ?" ಕೆಳಗೆ ಹೆಸರುಗಳ ಸಾಲು ಬಂತು. ಮಠದ ಗ್ರೂಪು ಈಗಲೂ ಎಲ್ಲಕ್ಕಿಂತ ಮೇಲಿತ್ತು. ಅದರ ಕೆಳಗಿನ ಹೆಸರು ಶಂಕರಮ್ಮತ್ತೆಯದು.

ಯಾರಿಗೂ ಕಳಿಸಲಿಲ್ಲ. ಕನ್ನಡಕ ಹಾಕಿಕೊಂಡು ಗುಣವಾದ ಆ ಕಾಲನ್ನು ಬೆಳಕಿಗೆ ಹಿಡಿದು ನೋಡಿದೆ. ಗಿಣ್ಣಿನಿಂದ ಸ್ವಲ್ಪ ಮೇಲೆ, ಒಳಬದಿಯಲ್ಲಿ, ಸೀರೆಯ ಎಳೆಯಷ್ಟು ಸಣ್ಣಗೆ ಒಂದು ನೀಲಿ ಗೆರೆ ಇತ್ತು. ಫೋನಿಗೆ ಕಂಡಿರಲಿಲ್ಲ. ಅಷ್ಟರಲ್ಲಿ ವಾದ್ಯದ ಸದ್ದು ಕೇಳಿ ಗಿರಿಜ ಬಾಗಿಲಿಗೆ ಬಂದು, "ಏನಾಯ್ತು? ಯಾವ ಕಾಲು ನೋಡ್ಕೊಳ್ತಾ ಇದೀರಾ?" ಎಂದಳು. ಗಂಡಸರ ಕಾಲಿಗೆ ಮಾನ ಮರ್ಯಾದೆ ಇರುವುದಿಲ್ಲ ಎಂದಿದ್ದರು ಅತ್ತೆ. "ಏನಿಲ್ಲ, ಬಲಗಾಲೇ," ಎಂದು ಹೇಳಿ, ಪಂಚೆಯನ್ನು ಪಾದ ಮುಚ್ಚುವವರೆಗೂ ಎಳೆದುಕೊಂಡೆ.